ಅಂಚಿಲ್ಲದ ಟವಲ್

"ಮುಟ್ಟಬೇಡ ಅದನ್ನ!"

ಕೂಗು ಮುಗಿಯುವ ಮೊದಲೇ ಪಾಲಿಶ್ ಬಾಟಲಿ ಹಾರಿ ಬಂದು ಆ ಅಪರಿಚಿತನ ಹುಬ್ಬಿಗೆ ಬಡಿಯಿತು. ರಕ್ತ ಕಣ್ಣಿನವರೆಗೆ ಇಳಿಯಿತು.

ಅವನು ಚೀರಲಿಲ್ಲ. ಕೈಯಲ್ಲಿದ್ದ ಟವಲನ್ನೇ ಮೆಲ್ಲಗೆ ಹುಬ್ಬಿಗೆ ಒತ್ತಿಕೊಂಡ.

"ನೆಲಕ್ಕೆ ಬಿದ್ದ ಟವಲಲ್ಲಿ ನಮ್ಮಪ್ಪನ ಕಾರು ಒರೆಸೋಕೆ ಹೋಗ್ತೀಯಲ್ಲ, ತಲೆ ನೆಟ್ಟಗಿದೆಯಾ? ಒಂದು ಕಣ ಮರಳು ಅಂಟಿದ್ರೂ ಸಾಕು, ಬಣ್ಣದ ತುಂಬ ಗೀರು!"

"ಧೂಳು ಕೂತಿತ್ತು, ಒರೆಸೋಣ ಅಂದ್ಕೊಂಡೆ ಮೇಡಂ. ಹೊರಗಡೆ ‘ಕೆಲಸಕ್ಕೆ ಜನ ಬೇಕು’ ಅಂತ ಬೋರ್ಡ್ ಇತ್ತು. ಹೆಲ್ಮೆಟ್ ಹಾಕ್ಕೊಂಡು ಬನ್ನಿ ಅಂತ ಬರೆದಿರ್ಲಿಲ್ಲ."

ಬಾಟಲಿ ಎಸೆದ ಇಸೆಲಾಗೆ ನಗು ಉಕ್ಕಿ ಬಂತು. ತನಗೇ ಆಶ್ಚರ್ಯ! ಅವಳು ನಕ್ಕು ವರ್ಷವಾಗಿತ್ತು.

ಎಸ್ಪಾನ್ಯೋಲಾ ಊರಿನಲ್ಲಿ ಕಾರು ತೊಳೆದು ಹೊಳಪು ಕೊಡುವ ಆ ಅಂಗಡಿಯನ್ನು ಕಟ್ಟಿದ್ದು ಅವಳ ಅಪ್ಪ. ಅಪ್ಪ ತೀರಿಹೋದ ಮೇಲೆ ಉಳಿದದ್ದು ಅಂಗಡಿ ಮತ್ತು ನೆಲಕ್ಕೆ ತಾಗುವಷ್ಟು ತಗ್ಗಿಸಿದ, ದಾಳಿಂಬೆ ಕೆಂಪಿನ, ಅರವತ್ನಾಲ್ಕರ ಮಾಡೆಲಿನ ಇಂಪಾಲಾ ಕಾರು. ಪ್ರತಿ ವರ್ಷ ಶುಭ ಶುಕ್ರವಾರ, ಅಂದರೆ ಗುಡ್ ಫ್ರೈಡೇ ದಿನ, ಅಪ್ಪ ಅದನ್ನು ಚಿಮಾಯೋ ಚರ್ಚಿನವರೆಗೆ ನಿಧಾನವಾಗಿ ಓಡಿಸಿಕೊಂಡು ಹೋಗುತ್ತಿದ್ದ. ಈಗ ಆ ಸರದಿ ಮಗಳದು.

ಅವಳ ಎಡ ಮಣಿಕಟ್ಟು ಇನ್ನೂ ಸ್ವಲ್ಪ ಸೊಟ್ಟಗಿತ್ತು. ಅದನ್ನು ಮುರಿದವನು ಅವಳ ಗಂಡ ದಮಾಸಿಯೊ. ವಿಚ್ಛೇದನವಾಗಿ ವರ್ಷ ಕಳೆದಿದ್ದರೂ ಅವನ ಪಿಕಪ್ ಟ್ರಕ್ ವಾರಕ್ಕೊಮ್ಮೆ ಅಂಗಡಿಯೆದುರು ಬಂದು ನಿಲ್ಲುತ್ತಿತ್ತು... ಸುಮ್ಮನೆ, ಎಂಜಿನ್ ಗುರುಗುಟ್ಟಿಸುತ್ತ.

ಹುಬ್ಬು ಒಡೆಸಿಕೊಂಡವನ ಹೆಸರು ಎಲಿಸೆಯೊ. ಹಿಂದೆ ಬಾಕ್ಸಿಂಗ್ ಆಡಿದ್ದನಂತೆ. ಬೇರೇನನ್ನೂ ಹೇಳಲಿಲ್ಲ, ಅವಳೂ ಕೇಳದೆ ಕೆಲಸಕ್ಕೆ ಇಟ್ಟುಕೊಂಡಳು.

ಮೂರು ವಾರಗಳಲ್ಲಿ ಅವಳು ಅವನಿಗೆ ಟವಲ್‌ಗಳ ಲೋಕವನ್ನೇ ತೆರೆದಿಟ್ಟಳು. ನೀರು ಹೀರುವುದಕ್ಕೆ ಉದ್ದ ನೂಲಿನ ದಪ್ಪ ಟವಲ್. ಕಾರಿಗೆ ಬಳಿದ ಮೇಣ ತೆಗೆಯುವುದಕ್ಕೆ ಗಿಡ್ಡ ನೂಲಿನದು. ಕೊನೆಯ ಹೊಳಪಿಗೆ ಅಂಚನ್ನೇ ಹೊಲಿಯದೆ ಕತ್ತರಿಸಿದ್ದು. ಚಕ್ರ ಒರೆಸಿದ್ದು ಮತ್ತೆ ಬಣ್ಣಕ್ಕೆ ತಾಗಕೂಡದು.

"ಹೊಸದು ಬಂದ್ರೆ ಹೆಂಗೆ ಪರೀಕ್ಷೆ ಮಾಡೋದು?" ಎಂದ ಎಲಿಸೆಯೊ.

"ಹಳೇ ಸಿ.ಡಿ.ಯ ಹೊಳೆಯೋ ಕಡೆ ಉಜ್ಜು. ಗೀರು ಬಿದ್ರೆ ಆಚೆ ಎಸಿ."

ಯಾರೋ ಮಾರಾಟಗಾರ ಪುಕ್ಕಟೆ ಕೊಟ್ಟಿದ್ದ ನೀಲಿ ಟವಲ್‌ಗಳ ಕಟ್ಟನ್ನು ಎಲಿಸೆಯೊ ಅಂದೇ ಕಸದ ಡಬ್ಬಿಗೆ ಹಾಕಿದ. "ಇದರ ಅಂಚು ನೋಡು, ನೈಲಾನ್ ದಾರ! ಕಂಪನಿ ಚೀಟಿ ಬೇರೆ ಹೊಲಿದಿದ್ದಾರೆ. ಇದು ಟವಲ್ ಅಲ್ಲ, ಗರಗಸ."

ಅವಳು ಜೋರಾಗಿ ನಕ್ಕಳು. ಆ ದಿನ ಇಬ್ಬರೂ ಹಸಿರು ಮೆಣಸಿನಕಾಯಿ ಹಾಕಿ ಸುತ್ತಿದ ಒಂದೇ ಬರಿಟೊ ರೊಟ್ಟಿ ಹಂಚಿಕೊಂಡು ತಿಂದರು. ಅವನ ದಪ್ಪ ಬೆರಳುಗಳು ಅಷ್ಟು ಮೃದುವಾಗಿ ಕಾರು ಒರೆಸುವುದನ್ನು ನೋಡುತ್ತ ಅವಳ ಎದೆ ಬೆಚ್ಚಗಾಯಿತು. ‘ಬೇಡ ಇಸೆಲಾ... ಗಂಡಸಿನ ಕೈಯನ್ನ ನಂಬಬೇಡ’ ಎಂದುಕೊಂಡಳು. ಆದರೂ ಅಂಗಡಿಯ ಬೀಗದ ಕೈ ಕೊಟ್ಟಳು.

ಶುಭ ಶುಕ್ರವಾರದ ಹಿಂದಿನ ಬುಧವಾರ ದಮಾಸಿಯೊ ಪಿಕಪ್ ಕಿಟಕಿಯಿಂದ ತಲೆ ಹೊರಹಾಕಿದ.

"ಏನ್ ಚಿನ್ನ, ಜೈಲಿಂದ ಬಂದವನನ್ನ ಸಾಕ್ತಿದ್ದೀಯಂತೆ? ಬಾರಲ್ಲಿ ಒಬ್ಬನ್ನ ಅರ್ಧ ಸಾಯಿಸಿ ಮೂರು ವರ್ಷ ಒಳಗಿದ್ದ. ಕೇಳು ಅವನನ್ನೇ!"

ಅವಳು ಕೇಳಿದಳು. ಎಲಿಸೆಯೊ ತಲೆ ತಗ್ಗಿಸಿದ. "ನಿಜ. ಹೇಳೋಕೆ ಧೈರ್ಯ ಬರ್ಲಿಲ್ಲ."

"ನೀನೂ ಅವನ ಥರದವನೇ!"

ಎಲಿಸೆಯೊ ಮುಖ ಬಿಗಿದುಕೊಂಡು ಹೊರಟುಹೋದ.

ಗುರುವಾರ ಬೆಳಿಗ್ಗೆ ಶಟರ್ ಎತ್ತಿದ ಇಸೆಲಾ ಕಾರಿನತ್ತ ಓಡಿದಳು.

ಇಂಪಾಲಾದ ಬಾನೆಟ್ ತುಂಬ ಸುತ್ತುಸುತ್ತಾದ ಗೀರುಗಳು! ಯಾರೋ ಮರಳು ಸುರಿದು, ಟವಲ್ ಇಟ್ಟು, ಮೈಯೆಲ್ಲ ಭಾರ ಬಿಟ್ಟು ತಿಕ್ಕಿದ್ದರು. ಕೆಂಪು ಕಿತ್ತು ಕೆಳಗಿನ ಬೂದು ಬಣ್ಣ ಕಾಣುತ್ತಿತ್ತು. ಬೀಗ ಒಡೆದಿರಲಿಲ್ಲ. ಬೀಗದ ಕೈ ಇದ್ದದ್ದು ಎಲಿಸೆಯೊ ಬಳಿ...

ಎಲಿಸೆಯೊ ಒಳಗೆ ಕಾಲಿಟ್ಟದ್ದೇ ತಡ, ಇಸೆಲಾ ಬೀಸಿದ ನೀರಿನ ಪೈಪಿನ ಹಿತ್ತಾಳೆ ಮೂತಿ ಅವನ ಬಾಯಿಗೆ ಬಡಿಯಿತು. ತುಟಿ ಸೀಳಿತು. ಮತ್ತೊಂದು ಏಟು ಪಕ್ಕೆಗೆ. ಇನ್ನೊಂದು ಭುಜಕ್ಕೆ.

"ನಮ್ಮಪ್ಪನ ಕಾರು ಕಣೋ ಅದು! ನನ್ನ ಮೇಲಿನ ಸಿಟ್ಟು ಅದರ ಮೇಲಾ? ಎತ್ತು ಕೈ! ಬಾಕ್ಸರ್ ಅಲ್ವಾ, ಎತ್ತು!"

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡಿದ್ದ. ಬಾಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ನಾನಲ್ಲ, ಇಸೆಲಾ."

ಅಷ್ಟೇ ಹೇಳಿ, ತೂರಾಡುತ್ತ ರಸ್ತೆಗೆ ಇಳಿದ.

ಅವಳು ಬಿಕ್ಕುತ್ತ ಬಾನೆಟ್ ಮೇಲಿದ್ದ ಟವಲನ್ನು ಕಿತ್ತೆಸೆಯಲು ಹೋದಳು. ಉಗುರು ಯಾವುದಕ್ಕೋ ಸಿಕ್ಕಿಕೊಂಡಿತು.

ಅಂಚು. ಗಟ್ಟಿ ನೈಲಾನ್ ದಾರದ ಅಂಚು... ಮೂಲೆಯಲ್ಲಿ ಚೀಟಿ!

ಅಂಗಡಿಯಲ್ಲಿ ಅಂಥ ಟವಲ್ ಒಂದೂ ಇರಲಿಲ್ಲ. ಇದು ದಟ್ಟ ಹಳದಿ, ಪೆಟ್ರೋಲ್ ಬಂಕಿನ ಅಗ್ಗದ ಸರಕು. ಇಂಥದ್ದನ್ನೇ ಅವಳು ನಿನ್ನೆ ನೋಡಿದ್ದಳು, ದಮಾಸಿಯೊನ ಪಿಕಪ್ ಸೀಟಿನ ಮೇಲೆ. ಅಂಗಡಿಯ ಬೀಗವನ್ನು ಮದುವೆಯಾದಾಗಿನಿಂದ ಬದಲಿಸಿಯೇ ಇರಲಿಲ್ಲ; ಅದರ ಇನ್ನೊಂದು ಕೈ ದಮಾಸಿಯೊ ಬಳಿಯೇ ಉಳಿದಿತ್ತು.

‘ದೇವರೇ... ನಾನೇನು ಮಾಡಿಬಿಟ್ಟೆ!’

ಹಿಂದಿನಿಂದ ಬೂಟಿನ ಸದ್ದು.

"ಓಡಿಸಿದ್ಯಾ ಅವನನ್ನ? ಜಾಣೆ." ದಮಾಸಿಯೊ ಬೇಸ್‌ಬಾಲ್ ಬ್ಯಾಟು ಹೆಗಲ ಮೇಲಿಟ್ಟುಕೊಂಡು ನಗುತ್ತಿದ್ದ. "ನಡಿ, ಮನೆಗೆ ಹೋಗೋಣ."

ಅವಳು ಟವಲನ್ನು ಅವನ ಮುಖಕ್ಕೆ ಎಸೆದಳು. "ಇದನ್ನ ಇಲ್ಲೇ ಮರೆತು ಹೋಗಿದ್ಯಲ್ಲ, ತಗೋ!"

ಅವನ ನಗು ಆರಿತು. ಕೂದಲು ಹಿಡಿದು ಅವಳ ತಲೆಯನ್ನು ಕಾರಿನ ಬಾಗಿಲಿಗೆ ಅಪ್ಪಳಿಸಿದ. ಒಮ್ಮೆ. ಎರಡು ಸಲ. ಕಣ್ಣು ಕತ್ತಲಿಟ್ಟಿತು, ಬಾಯಲ್ಲಿ ರಕ್ತದ ರುಚಿ. ಬ್ಯಾಟು ಮೇಲೆದ್ದಿತು...

ಏಟು ಅವಳಿಗೆ ಬೀಳಲಿಲ್ಲ. ನಡುವೆ ಎಲಿಸೆಯೊ ನಿಂತಿದ್ದ! ಬೀಗದ ಕೈ ಹಿಂದಿರುಗಿಸಲು ಬಂದವನು ಅವಳ ಚೀರಾಟ ಕೇಳಿ ಓಡಿ ಬಂದಿದ್ದ. ಬ್ಯಾಟು ಅವನ ಮುಂಗೈಗೆ ಬಿತ್ತು. ಮೂಳೆ ಮುರಿದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

"ಹೊಡಿಯೋ ಖೈದಿ! ಒಂದೇ ಒಂದು ಏಟು ಹೊಡಿ!" ದಮಾಸಿಯೊ ಅರಚಿದ.

ಎಲಿಸೆಯೊ ಹೊಡೆಯಲಿಲ್ಲ. ಅವಳನ್ನು ತನ್ನ ಬೆನ್ನಿನ ಹಿಂದೆ ಸೇರಿಸಿಕೊಂಡು ಮತ್ತೊಂದು ಏಟು ತಿಂದ. ಮೊಣಕಾಲೂರಿದ.

ಇಸೆಲಾ ತೆವಳಿ ಹೋಗಿ ಪ್ರೆಶರ್ ವಾಷರಿನ ಮೂತಿ ಹಿಡಿದು ಗುಂಡಿ ಅದುಮಿದಳು. ಚಕ್ರದ ಕೆಸರು ಕೀಳುವ ನೀರಿನ ಧಾರೆ ದಮಾಸಿಯೊನ ಮುಖಕ್ಕೆ ಚೂರಿಯಂತೆ ಹೊಡೆಯಿತು. ಅವನು ಕಣ್ಣು ಮುಚ್ಚಿಕೊಂಡು ಊಳಿಟ್ಟ. ಬ್ಯಾಟು ಕೆಳಗೆ ಬಿತ್ತು. ಅವಳು ಅದನ್ನೆತ್ತಿ ಅವನ ಮಂಡಿಗೆ ಬೀಸಿದಳು.

ಅವನು ಬಿದ್ದ. ಅವಳು ಮತ್ತೆ ಬ್ಯಾಟೆತ್ತಿದಳು... ಈ ಸಲ ತಲೆಗೆ.

"ಸಾಕು ಇಸೆಲಾ," ಎಲಿಸೆಯೊ ನೆಲದಿಂದಲೇ ಹೇಳಿದ. "ಬಿದ್ದಿದ್ದಾನೆ. ಸಾಕು."

ಬ್ಯಾಟು ಗಾಳಿಯಲ್ಲೇ ನಿಂತಿತು. ಆಮೇಲೆ ಅವಳ ಕೈಯಿಂದ ಜಾರಿತು.

ಎದುರಿನ ಟೈರ್ ಅಂಗಡಿಯವರು ಕರೆಸಿದ್ದ ಪೊಲೀಸರು ಎಲ್ಲರ ಮಾತು ಬರೆದುಕೊಂಡು, ದಮಾಸಿಯೊಗೆ ಬೇಡಿ ಹಾಕಿ ಕರೆದೊಯ್ದರು.

ಶುಭ ಶುಕ್ರವಾರ ಮಧ್ಯಾಹ್ನ ಇಸೆಲಾ ಗೀರುಬಿದ್ದ ಕಾರನ್ನೇ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದಳು. ಅವಳ ಹಣೆಗೆ ಏಳು ಹೊಲಿಗೆ. ಅವನ ಕೈಗೆ ಪ್ಲಾಸ್ಟರ್. ಇಬ್ಬರೂ ಕಾರಿನೊಳಗೆ ಕುಳಿತರು, ಆದರೆ ಅವಳು ಎಂಜಿನ್ ಚಾಲೂ ಮಾಡಲಿಲ್ಲ.

"ಅವನನ್ನ ಯಾಕೆ ಹೊಡೀಲಿಲ್ಲ?"

"ಶಿಕ್ಷೆ ಮುಗಿಯೋ ಮೊದಲೇ ಷರತ್ತಿನ ಪೆರೋಲ್ ಮೇಲೆ ಹೊರಗೆ ಬಂದವನು ನಾನು. ಒಂದು ಏಟು ಹೊಡೆದಿದ್ರೂ ಇನ್ನೆರಡು ವರ್ಷ ಒಳಗೆ... ನಿನ್ನ ಮುಖ ನೋಡದೆ ಎರಡು ವರ್ಷ ಇರೋಕೆ ನನ್ನ ಕೈಲಿ ಆಗಲ್ಲ."

"ನಿನಗೆ ‘ಅವನ ಥರದವನು’ ಅಂದೆ. ಅವನ ಥರ ಆಗಿದ್ದು ನಾನು ಎಲಿಸೆಯೊ. ಕೇಳದೆ, ನೋಡದೆ, ಹೊಡೆದುಬಿಟ್ಟೆ..."

ಅವನು ‘ಪರವಾಗಿಲ್ಲ’ ಎನ್ನಲಿಲ್ಲ.

"ನಿನ್ನನ್ನ ಪ್ರೀತಿಸ್ತೀನಿ," ಎಂದ, ಒಡೆದ ತುಟಿಯಿಂದ ನಿಧಾನವಾಗಿ. "ಆದ್ರೆ ಇನ್ನೊಂದು ಸಲ ಕೈ ಎತ್ತಿದ್ರೆ ಹೋಗ್ಬಿಡ್ತೀನಿ. ಮತ್ತೆ ಬರಲ್ಲ."

"ಹೊಡೆಯೋ ಮನೇಲಿ ಒಂಬತ್ತು ವರ್ಷ ಇದ್ದೆ. ಅದೇ ಕಲಿತೆ." ಅವಳು ಕಣ್ಣೊರೆಸಿಕೊಂಡಳು. "ಅದನ್ನ ಬಿಡೋದು ಹೆಂಗೆ ಅಂತ ಕಲೀಬೇಕು. ಬಿಡ್ತೀನಿ. ನಾನೂ ನಿನ್ನನ್ನ ಪ್ರೀತಿಸ್ತೀನಿ ಕಣೋ... ಹೇಳೋಕೆ ಭಯ ಆಗ್ತಿತ್ತು, ಅಷ್ಟೇ."

ಚಿಮಾಯೋ ಕಡೆಗೆ ನಡೆದು ಹೋಗುವ ಭಕ್ತರ ಸಾಲು ರಸ್ತೆಯ ಅಂಚಿನಲ್ಲಿ ಸಾಗುತ್ತಿತ್ತು. ಅವಳು ಕೈಯನ್ನು ಅರ್ಧ ಚಾಚಿ, ಅಲ್ಲೇ ತಡೆದಳು.

"ಕೈ ಹಿಡ್ಕೊಳ್ಳಲಾ?"

"ಕೇಳ್ತಿದ್ದೀಯಾ?"

"ಹೂಂ. ಇನ್ನು ಮೇಲೆ ಕೇಳ್ತೀನಿ."

ಅವನು ಪ್ಲಾಸ್ಟರ್ ಇಲ್ಲದ ಕೈಯನ್ನು ಅವಳ ಮಡಿಲಲ್ಲಿಟ್ಟ.

"ಹಿಡ್ಕೋ."