ಕಿಟಕಿ ಬಳಿಯ ಹಲಗೆ

"ಅಲ್ಲೇ ನಿಲ್ಲಿ! ಇನ್ನೊಂದು ಹೆಜ್ಜೆ ಇಟ್ಟರೆ ನೋಡಿ!"

ಬಾಗಿಲಲ್ಲಿ ಕಾಣಿಸಿಕೊಂಡವನು ಎತ್ತಿದ ಕಾಲನ್ನು ಎತ್ತಿದ ಹಾಗೇ ನಿಲ್ಲಿಸಿದ. ಥೇಟ್ ಕೊಕ್ಕರೆಯ ಹಾಗೆ!

ನೆಲಕ್ಕೆ ಹಲಗೆ ಹಾಸುತ್ತ ಮಂಡಿಯೂರಿದ್ದ ಅವಳು ಕೈಯಲ್ಲಿದ್ದ ರಬ್ಬರ್ ಸುತ್ತಿಗೆಯನ್ನೇ ತೋರಿಸಿ ಗದರಿದಳು. "ಅಂಟು ಇನ್ನೂ ಹಸಿ ಇದೆ. ಒಂದು ಹಲಗೆ ಜರುಗಿದ್ರೆ ಇಡೀ ಸಾಲು ಕೆಡುತ್ತೆ. ಯಾರ್ರೀ ನೀವು?"

"ನಾನು... ಈ ಮನೆಯವನು."

ಅಯ್ಯೋ! ಮನೆಯವನನ್ನೇ ಗದರಿಸಿದ್ದಳು. ಆದರೆ ಆಡಿದ ಮಾತನ್ನು ನುಂಗುವ ಜಾಯಮಾನ ಅವಳದಲ್ಲ.

"ಯಾರಾದ್ರೇನು? ಹಿಂದಕ್ಕೆ ಹೋಗಿ!"

ಅವನು ಹೋದ. ಹೊರಗೆ ಹೋಗಿ, ಕಿಟಕಿಯಿಂದ ಇಣುಕಿದ.

"ಒಂದು ಕೇಳ್ಲಾ? ಇದು ನಿಜವಾದ ಮರಾನಾ?"

"ಮೇಲಿನ ಪದರ ಓಕ್ ಮರ. ಕೆಳಗಿರೋದು ಅಡ್ಡಡ್ಡ ಅಂಟಿಸಿದ ಪದರಗಳು. ಅದಕ್ಕೇ ಇದು ಇಡೀ ಮರದ ಹಲಗೆಗಿಂತ ಕಡಿಮೆ ಹಿಗ್ಗುತ್ತೆ."

"ಮತ್ತೆ ಗೋಡೆ ಪಕ್ಕ ಯಾಕೆ ಸಂದು ಬಿಟ್ಟಿದ್ದೀರಿ?"

"ಹಿಗ್ಗೋಕೆ."

"ಕಡಿಮೆ ಹಿಗ್ಗುತ್ತೆ ಅಂದ್ರಲ್ಲ?"

"ಕಡಿಮೆ ಅಂದೆ. ಹಿಗ್ಗೋದೇ ಇಲ್ಲ ಅಂದೆನಾ?"

ಅವನು ನಕ್ಕ. ಆ ನಗೆ ಕಿಟಕಿಯಿಂದ ಒಳಗೆ ಬಂದು ಹಸಿ ಅಂಟಿನ ಮೇಲೂ ಅಳುಕಿಲ್ಲದೆ ಓಡಾಡಿತು. ಅವಳು ತಲೆ ತಗ್ಗಿಸಿ, ಸುತ್ತಿಗೆ ಬೇಡದ ಜಾಗದಲ್ಲೂ ಎರಡೇಟು ಹಾಕಿದಳು.

ಅಪ್ಪನ ಮಂಡಿ ಸೋತ ಮೇಲೆ ಅವನ ಸಲಕರಣೆ ಚೀಲ ಅವಳ ಹೆಗಲಿಗೆ ಬಂದಿತ್ತು. ಒಬ್ಬಳೇ ನಿಂತು ಮಾಡುತ್ತಿದ್ದ ಮೊದಲ ನೆಲ ಇದು. ಕೆಲಸ ಕೊಟ್ಟ ನೆಲಹಾಸಿನ ಅಂಗಡಿಯ ಯಜಮಾನರು ಮೊದಲೇ ಹೇಳಿದ್ದರು, "ಇದೊಂದು ಚೆನ್ನಾಗಿ ಬರಲಿ. ಆಮೇಲೆ ಮುಂದಿನ ಮಾತು."

ಮನೆಯವನಿಗೆ ಬೀದಿಯ ಮೂಲೆಯಲ್ಲಿ ಕನ್ನಡಕದ ಅಂಗಡಿ. ಮನೆಯಲ್ಲಿ ಇದ್ದವರು ಅವನು, ಅವನ ಅಮ್ಮ, ಇಬ್ಬರೇ.

"ಊರವರ ಕಣ್ಣೆಲ್ಲ ಪರೀಕ್ಷೆ ಮಾಡ್ತಾನೆ. ಎದುರಿಗಿರೋರ ಕಣ್ಣು ನೋಡಿ ಮಾತಾಡು ಅಂದ್ರೆ ಮಾತ್ರ ಬರಲ್ಲ," ಎಂದು ಅಮ್ಮ ಅವನೆದುರೇ ಹೇಳಿದರು.

ಕೆಲಸ ಮುಗಿದ ದಿನ ಅವಳು ಇಬ್ಬರಿಗೂ ಪಾಠ ಹೇಳಿದಳು. ಒದ್ದೆ ಬಟ್ಟೆ ಬೇಡ, ಚೆನ್ನಾಗಿ ಹಿಂಡಿ ಒರೆಸಿ. ನೀರು ಚೆಲ್ಲಿದರೆ ಆಗಲೇ ಒಣಗಿಸಿ, ಬಿಟ್ಟರೆ ಅಂಚು ಏಳುತ್ತದೆ. ಅಮ್ಮ ಬಲು ಶ್ರದ್ಧೆಯಿಂದ ಕೇಳಿಸಿಕೊಂಡರು.

ಕೆಲವು ವಾರಗಳಲ್ಲೇ ಫೋನ್ ಬಂತು. ಕಿಟಕಿ ಬಳಿಯ ಹಲಗೆಯೊಂದರ ಅಂಚು ಎದ್ದಿದೆ!

ಅವಳು ಓಡಿ ಬಂದಳು. ತೇವ ಅಳೆಯುವ ಮೀಟರ್ ಇಟ್ಟು ನೋಡಿದರೆ ಆ ಹಲಗೆಯಲ್ಲಿ ಮಾತ್ರ ತೇವ. ಪಕ್ಕದ್ದು ಒಣಗಿದ ಎಲೆಯಷ್ಟು ಒಣ. ಕೆಳಗೆ ಕೊಳಾಯಿ ಇಲ್ಲ. ಕಿಟಕಿ ಸೋರುತ್ತಿಲ್ಲ. ಹಲಗೆ ಕಿತ್ತು ನೋಡಿದಳು, ಕಾಂಕ್ರೀಟಿನಲ್ಲೂ ದೋಷವಿಲ್ಲ. ಹೊಸದನ್ನು ಕೂರಿಸಿ ಹೋದಳು.

ಮತ್ತೆ ಅದೇ ಜಾಗ. ಮತ್ತೆ ಅದೇ ತೇವ!

ಇದೆಂಥ ಮಾಯೆ? ನೆಲಕ್ಕೆ ಕಿವಿ ಕೊಟ್ಟಳು, ಬೆರಳಿನಿಂದ ತಟ್ಟಿದಳು, ಮೂಸಿಯೂ ನೋಡಿದಳು. ಅವನು ಬಾಗಿಲಿಗೊರಗಿ ನಿಂತಿದ್ದ.

"ಏನಾದ್ರೂ ಹೇಳ್ತಾ ಇದೆಯಾ?"

"ಬಾಯಿ ಬಿಡ್ತಿಲ್ಲ. ನಿಮ್ಮ ಮನೆ ನೆಲ ಅಲ್ವಾ, ನಿಮ್ಮ ಹಾಗೇ!"

ಅವನ ಕಿವಿ ಕೆಂಪಾಯಿತು. ಹಲಗೆಯ ಒಗಟು ಬಿಡಿಸಲು ಬಂದವಳು ಆ ಕೆಂಪು ಕಿವಿಯ ಒಗಟನ್ನೂ ಮನೆಗೆ ಹೊತ್ತುಕೊಂಡು ಹೋದಳು.

ಮೂರನೆಯ ಸಲ ಅಂಚು ಎದ್ದಾಗ ಫೋನ್ ಅವಳಿಗೆ ಬರಲಿಲ್ಲ. ಯಜಮಾನರಿಗೆ ಹೋಯಿತು.

"ಬೇರೆಯವರನ್ನ ಕಳಿಸಿ ಅಂದಿದ್ದಾನಮ್ಮ ಆ ಹುಡುಗ. ನಾಳೆ ಹಳೇ ಮೇಸ್ತ್ರಿ ಹೋಗ್ತಾನೆ. ತಪ್ಪು ನಿನ್ನದು ಅಂತಾದ್ರೆ, ಇನ್ಮೇಲೆ ನಿನಗೆ ಮನೆ ಒಪ್ಪಿಸೋಕೆ ಆಗಲ್ಲ."

ಬೇರೆಯವರನ್ನ... ಅವನೇ ಹೇಳಿದನಾ? ಕಿಟಕಿಯಲ್ಲಿ ನಕ್ಕವನು? 'ಹೋಗಲಿ, ಅವನು ನನಗೇನಾಗಬೇಕು? ಆದರೆ ನನ್ನ ನೆಲ! ಅದರ ಮೇಲೆ ಸುಳ್ಳು ಅಪವಾದ ಬರೋಕೆ ಬಿಡಲ್ಲ.'

ಮರುದಿನ ಮೇಸ್ತ್ರಿಗಿಂತ ಮೊದಲೇ ಅವಳು ಆ ಮನೆಯ ಬಾಗಿಲಲ್ಲಿದ್ದಳು. ಬಾಗಿಲು ತೆರೆದೇ ಇತ್ತು. ಒಳಗೆ...

ಅಮ್ಮ ಚೊಂಬು ಹಿಡಿದು ಕುಕ್ಕರಗಾಲಲ್ಲಿ ಕೂತು, ಗಿಡಕ್ಕೆ ಎರೆಯುವಷ್ಟು ಮುತುವರ್ಜಿಯಿಂದ ಆ ಹಲಗೆಯ ಅಂಚಿಗೆ ನೀರು ಹನಿಸುತ್ತಿದ್ದರು!

"ಅಮ್ಮಾ! ಏನ್ಮಾಡ್ತಿದ್ದೀರಾ?"

ಚೊಂಬು ಉರುಳಿತು. ಅವಳು ದುಪಟ್ಟಾದಿಂದಲೇ ನೀರು ಒತ್ತತೊಡಗಿದಳು. "ನೀರು ಹಾಕಬಾರದು ಅಂತ ಹೇಳಿರಲಿಲ್ವಾ?"

"ಹೇಳಿದ್ದೆ ಕಣೇ. ಹಾಕಿದ್ರೆ ಅಂಚು ಏಳುತ್ತೆ ಅಂತಾನೂ ನೀನೇ ಹೇಳಿದ್ದೆ. ಅಂಚು ಎದ್ರೆ ತಾನೇ ನೀನು ಬರೋದು?"

ಅವಳ ಕೈ ನಿಂತಿತು.

"ನೀನು ಬಂದ ದಿನ ಈ ಮನೇಲಿ ಮಾತಿರುತ್ತೆ ತಾಯಿ. ಊಟಕ್ಕೆ ಕೂತ್ರೆ ನಿಂದೇ ಸುದ್ದಿ. ಕರೆಯೋ ಅಂದ್ರೆ, ಏನಂತ ಕರೀಲಿ ಅಂತಾನೆ ಪೆದ್ದ. ಅದಕ್ಕೇ ನಾನೊಂದು ನೆಪ..."

"ನಿಮ್ಮ ನೆಪಕ್ಕೆ ನನ್ನ ಕೆಲಸ ಹೋಗ್ತಿದೆ ಅಮ್ಮ!"

ಅಮ್ಮನ ಮುಖ ಬಾಡಿತು. "ಅಯ್ಯೋ... ಅಷ್ಟು ದೂರ ಹೋಗುತ್ತೆ ಅಂತ ಗೊತ್ತಿರಲಿಲ್ಲವಲ್ಲೇ!"

ಬೆನ್ನ ಹಿಂದೆ ಯಾರೋ ಕೆಮ್ಮಿದರು. ಮೇಸ್ತ್ರಿ ಬರುವ ಹೊತ್ತೆಂದು ಅಂಗಡಿಯಿಂದ ಬಂದಿದ್ದ ಅವನು! ಎಲ್ಲ ಕೇಳಿಸಿಕೊಂಡಿದ್ದ. ಯಜಮಾನರಿಗೆ ಫೋನ್ ಹಚ್ಚಿ ಅಮ್ಮನ ಕೈಗಿತ್ತ.

"ನೀರು ಹಾಕಿದ್ದು ನಾನು ರೀ. ಹುಡುಗಿ ಕೆಲಸ ಚಿನ್ನದಂಥದ್ದು. ಯಾಕೆ ಹಾಕಿದೆ ಅಂದ್ರೆ... ಅದು ನಮ್ಮ ಮನೆ ವಿಷಯ, ನಿಮಗ್ಯಾಕೆ? ಮೇಸ್ತ್ರಿ ಬರೋದು ಬೇಡ. ಮುಂದಿನ ಮನೆ ಕೆಲಸ ಅವಳಿಗೇ ತಾನೆ?... ಹ್ಞಾಂ, ಹಾಗನ್ನಿ!"

ಫೋನ್ ಇಟ್ಟು ಅಮ್ಮ ಅಡುಗೆಮನೆಗೆ ನುಸುಳಿದರು. ಉಳಿದವರು ಇಬ್ಬರೇ.

"ಬೇರೆಯವರನ್ನ ಕಳಿಸಿ ಅಂದ್ರಂತೆ?" ಅವಳ ದನಿ ಇನ್ನೂ ಒದ್ದೆಯಾಗಿತ್ತು.

"ನಿಮ್ಮ ತಪ್ಪಿಲ್ಲ ಅಂತ ನೀವೇ ಹೇಳಿದ್ರೆ ಯಜಮಾನರು ನಂಬ್ತಾರಾ? ಬೇರೆಯವರ ಬಾಯಿಂದ ಬರಲಿ ಅಂತ... ನಿಮಗೆ ಮೊದಲೇ ಹೇಳ್ಬೇಕಿತ್ತು."

"ಹೇಳ್ಬೇಕಿತ್ತು!"

ಅವನು ಬಗ್ಗಿ ಹಲಗೆಯ ಅಂಚು ನೋಡಿದ. "ಹಲಗೆ ಬದಲಾಯಿಸ್ತೀರಾ?"

"ಈಗಲೇ ಬೇಡ. ನೀರು ಹಾಕೋದು ನಿಂತ್ರೆ ಒಣಗುತ್ತೆ. ಅಂಚು ತಾನಾಗೇ ಇಳಿದರೂ ಇಳೀಬಹುದು. ಕಾದು ನೋಡ್ಬೇಕು."

"ಇಳಿದ ಮೇಲೂ ಬರ್ತೀರಾ?"

"ಆಮೇಲೆ ನನಗೇನು ಕೆಲಸ ಇಲ್ಲಿ?"

"ಏನೂ ಇಲ್ಲ. ಅದಕ್ಕೇ ಬನ್ನಿ." ಅವನು ಉಸಿರು ಎಳೆದುಕೊಂಡ. "ನಾನು ಇಷ್ಟಪಟ್ಟ ಹುಡುಗಿ ನನ್ನ ಮನೇಲಿ ಯಾವಾಗ ನೋಡಿದ್ರೂ ಮಂಡಿಯೂರಿಕೊಂಡೇ ಇರ್ತಾಳೆ. ಒಂದು ಸಲನಾದ್ರೂ ಅವಳು ಕುರ್ಚಿ ಮೇಲೆ ಆರಾಮಾಗಿ ಕೂತಿದ್ದು ನೋಡ್ಬೇಕು ನಾನು."

ಅವನು ಕುರ್ಚಿಯತ್ತ ಕೈ ಚಾಚಿದಾಗ ಅವಳ ಬಾಯಿ ತಾನಾಗಿ ತೆರೆಯಿತು.

"ಎಳೀಬೇಡಿ! ಗೀರು ಬೀಳುತ್ತೆ."

"ಎಳೆಯಲ್ಲ," ಎಂದ ಅವನು. "ಎತ್ತಿಕೊಂಡೇ ಬರ್ತೀನಿ."

ತಂದು, ಸದ್ದಾಗದಂತೆ ಇಳಿಸಿದ. ಅವಳು ಮಂಡಿಯ ದೂಳು ಕೊಡವಿಕೊಂಡು ಕೂತಳು.

"ಇನ್ನೊಂದು ತನ್ನಿ," ಎಂದಳು ಮೆಲ್ಲಗೆ. "ನೀವೂ ಕೂತ್ಕೊಳ್ಳಿ."