ತಡವರಿಸಿದ ಮಾತು, ತಡೆಯಿಲ್ಲದ ಹಾಡು

“ರೀ, ನಿಮ್ಮನ್ನ ಕೇಳಾಕತ್ತೀನಿ... ಯಾವ ಶ್ರುತಿ ನಿಮ್ದು?”

ತಬಲಾ ಮುಂದೆ ಕುಳಿತ ಬಾಳೇಶ ಸುತ್ತಿಗೆ ಹಿಡಿದು ಕಾಯುತ್ತಿದ್ದ. ಬಸವೇಶ್ವರನಗರದ ಸಮುದಾಯ ಭವನಕ್ಕೆ ಜನ ಆಗಲೇ ಬರತೊಡಗಿದ್ದರು.

ಹಾಡಲು ಬಂದಿದ್ದ ಚೈತನ್ಯಾ ಬಾಯಿ ತೆರೆದಳು. ಪದ ಗಂಟಲವರೆಗೆ ಬಂದು... ಅಲ್ಲೇ ಸಿಕ್ಕಿಕೊಂಡಿತು. ಮುಖವೆಲ್ಲ ಬಿಸಿಯಾಯಿತು. ಅವಳು ತಟ್ಟನೆ ಅವನ ಕಡೆಗೆ ಬೆನ್ನು ತಿರುಗಿಸಿ, ಪಕ್ಕದಲ್ಲಿದ್ದ ಹಾರ್ಮೋನಿಯಂ ಮೇಲೆ ಬೆರಳಿಟ್ಟು ಸ್ವರ ಒತ್ತಿ ತೋರಿಸಿದಳು.

“ಬಾಯಿಬಿಟ್ಟು ಹೇಳಿದ್ರ ಮುತ್ತು ಉದುರ್ತಾವೇನು?” ಬಾಳೇಶ ಗೊಣಗಿದ.

ಮುಂದಿನ ಸಾಲಿನಿಂದ ಅಮ್ಮ ರಾಮಕ್ಕ ಓಡಿ ಬಂದರು. “ಇವತ್ತು ಅವಳದು ಮೌನವ್ರತ ಸಾರ್. ಹಾಡೋದು ಬಿಟ್ರೆ ಬೇರೆ ಮಾತಾಡಲ್ಲ.”

ಮತ್ತೊಂದು ಸುಳ್ಳು! ಭೂಮಿ ಇಲ್ಲೇ ಬಾಯಿ ಬಿಡಬಾರದೇ ಎನಿಸಿತು ಚೈತನ್ಯಾಳಿಗೆ.

ವ್ರತವೂ ಇಲ್ಲ, ಏನೂ ಇಲ್ಲ. ಅವಳಿಗೆ ಚಿಕ್ಕಂದಿನಿಂದ ಉಗ್ಗು. ಶಾಲೆಯಲ್ಲಿ ಹಾಜರಿ ಹೇಳಲು ಎದ್ದು ನಿಂತರೆ ಇಡೀ ತರಗತಿ ನಗುತ್ತಿತ್ತು. ಮನೆಯಲ್ಲಿ ಅವಳು ಒಂದು ಪದ ಶುರು ಮಾಡುವುದರೊಳಗೆ ಅಮ್ಮ ಉಳಿದದ್ದನ್ನು ತಾವೇ ಮುಗಿಸುತ್ತಿದ್ದರು. ಹೀಗೆ ವರ್ಷಗಳು ಕಳೆದಂತೆ ಅವಳು ಮಾತನ್ನೇ ಬಿಟ್ಟಳು.

ಆದರೆ ಹಾಡುವಾಗ ಮಾತ್ರ ಒಂದಕ್ಷರವೂ ತಡೆಯುತ್ತಿರಲಿಲ್ಲ.

ಅಂದು ಅವಳು ಒಂದು ವಚನ ಎತ್ತಿಕೊಂಡಳು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಬಾಳೇಶನ ಮುಖದ ಬಿಗುವೆಲ್ಲ ಕರಗಿತ್ತು. ಕಾರ್ಯಕ್ರಮ ಮುಗಿದ ಮೇಲೆ ಅವನೇ ಬಂದು ನಿಂತ.

“ತಪ್ಪಾತ್ರಿ. ಸೊಕ್ಕು ಅಂತ ತಿಳ್ಕೊಂಡಿದ್ದೆ.”

ಅವಳು ನಕ್ಕಳು. ಬಾಯಿ ತೆರೆಯದೆ.

ಗದಗದ ಕಡೆಯ ಬಾಳೇಶ ಕೆಂಗೇರಿಯಲ್ಲಿ ಅವ್ವನ ಜೊತೆ ಬಾಡಿಗೆ ಮನೆಯಲ್ಲಿದ್ದು ಮಕ್ಕಳಿಗೆ ತಬಲಾ ಹೇಳಿಕೊಡುತ್ತಿದ್ದ. ಹಾರ್ಮೋನಿಯಂನವರ ಮೂಲಕ ಅವಳ ನಂಬರ್ ಕೇಳಿ ಪಡೆದ. ಮೆಸೇಜುಗಳು ಶುರುವಾದವು. ರಾಗ, ತಾಳ, ಊಟ, ತಿಂಡಿ... ಬೆರಳ ತುದಿಯಲ್ಲಿ ಚೈತನ್ಯಾ ಎಷ್ಟು ಮಾತಾಡುತ್ತಿದ್ದಳು! ಅವನು ಕರೆ ಮಾಡಿದರೆ ಮಾತ್ರ ಕಟ್ ಮಾಡಿ, ‘ಅಮ್ಮ ಇದ್ದಾರೆ’ ಎಂದು ಟೈಪ್ ಮಾಡುತ್ತಿದ್ದಳು.

‘ಇದು ನಾನಾ? ಅಥವಾ ನಾನೂ ಅಮ್ಮನ ಹಾಗೆ ಮೋಸ ಮಾಡ್ತಿದೀನಾ?’

ಒಂದು ಬೆಳಿಗ್ಗೆ ಅವನ ದನಿಯ ಮೆಸೇಜ್ ಬಂತು. ಅಡುಗೆಮನೆಯ ಮೂಲೆಯಲ್ಲಿ ನಿಂತು, ಆಸೆಯಿಂದ ಕಿವಿಗಿಟ್ಟುಕೊಂಡಳು.

“ನಿನ್ನೆ ಒಬ್ಬಾಂವ ಸ್ವಾಗತ ಭಾಷಣ ಮಾಡಿದ್ನ್ರೀ! ಸ... ಸ... ಸ... ಸಭಿಕರೇ! ಅಂವ ಮುಗಸೂದ್ರಾಗ ನನ್ನ ತಬಲಾದ ಶ್ರುತಿ ಇಳೀತು!” ಆಮೇಲೆ ಜೋರು ನಗು.

ಚೈತನ್ಯಾ ಫೋನನ್ನು ಕಿವಿಯಿಂದ ತೆಗೆದಳು. ಆ ನಗು ಅವಳಿಗೆ ಗೊತ್ತಿತ್ತು. ಅದೇ ತರಗತಿ, ಅದೇ ನಗು...

ಅವಳು ಉತ್ತರಿಸಲಿಲ್ಲ. ಅಂದೂ ಇಲ್ಲ, ಮುಂದೆಯೂ ಇಲ್ಲ. ‘ನಾ ಏನರ ತಪ್ಪು ಮಾಡೀನೇನ್ರಿ?’ ಎಂದು ಅವನು ಕೇಳುತ್ತಲೇ ಇದ್ದ. ಏನೆಂದು ಹೇಳುವುದು? ಹೇಳಿದರೆ ತನ್ನ ಗುಟ್ಟೂ ಹೇಳಬೇಕಲ್ಲ!

ಬಾಳೇಶ ಬೇರೆಯದೇ ಅರ್ಥ ಮಾಡಿಕೊಂಡ. ಮರ್ಯಾದಸ್ಥರ ಮನೆಯ ಹುಡುಗಿ, ತಾನು ಹಿರಿಯರನ್ನು ಕರೆತರದೆ ಬರೀ ಮೆಸೇಜಿನಲ್ಲೇ ದಿನ ತಳ್ಳಿದ್ದಕ್ಕೆ ಬೇಸರವಾಗಿರಬೇಕು ಎಂದುಕೊಂಡ. ರಾಮಕ್ಕನಿಗೆ ಫೋನ್ ಮಾಡಿ ಕೇಳಿ, ಒಂದು ಭಾನುವಾರ ಅವ್ವ ಹಾಲವ್ವನ ಜೊತೆ ವಿಜಯನಗರದ ಅವಳ ಮನೆಗೇ ಬಂದ.

ಅಡುಗೆಮನೆಯಲ್ಲಿ ರಾಮಕ್ಕ ಮಗಳ ಸೆರಗು ಸರಿಮಾಡುತ್ತಾ ಪಿಸುಗುಟ್ಟಿದರು. “ತಾಳಿ ಬೀಳೋವರೆಗೂ ಬಾಯಿ ಬಿಡಬೇಡ ಕಣೇ. ಹಾಡು ಅಂದ್ರೆ ಹಾಡು. ಮಿಕ್ಕಿದ್ದು ನಾನ್ ನೋಡ್ಕೋತೀನಿ.”

“ಅಮ್ಮಾ, ಅ... ಅದು ಮೋ... ಮೋ...”

“ಮೋಸ ಅಲ್ಲ ಕಣೇ, ನಿನ್ ಒಳ್ಳೇದಕ್ಕೇ!”

ಆ ಪದವನ್ನೂ ಅಮ್ಮನೇ ಮುಗಿಸಿದ್ದರು.

ನಡುಮನೆಯಲ್ಲಿ ಹಾಲವ್ವ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡರು. “ಏನು ಓದೀಯವ್ವಾ?”

“ಬಿ.ಕಾಂ. ಮಾಡಿದಾಳೆ,” ಎಂದರು ರಾಮಕ್ಕ.

“ಆಕೀನ ಹೇಳ್ಲಿ ಬಿಡ್ರಿ.”

“ತುಂಬಾ ನಾಚಿಕೆ ಅವಳಿಗೆ... ಚೈತನ್ಯಾ, ಒಂದು ಹಾಡು ಹೇಳಮ್ಮ.”

ಅವಳು ಹಾಡಿದಳು. ಹಾಲವ್ವನ ಕಣ್ಣುಗಳು ತುಂಬಿ ಬಂದವು. ಆ ಕಣ್ಣುಗಳನ್ನು ನೋಡಿದ್ದೇ ತಡ, ಚೈತನ್ಯಾಳಿಗೆ ಮುಂದಿನ ಸಾಲು ಹೊರಡಲಿಲ್ಲ. ತನ್ನ ಉಗ್ಗಿಗಾಗಿ ಅವಳು ಬದುಕಿಡೀ ನಾಚಿದ್ದಳು. ಈ ಮೋಸ ಅದಕ್ಕಿಂತ ದೊಡ್ಡ ನಾಚಿಕೆ!

“ನ... ನ... ನನಗೆ...”

“ನೀರು ಬೇಕಂತೆ,” ರಾಮಕ್ಕ ಎದ್ದರು.

ಚೈತನ್ಯಾ ಕೈಯೆತ್ತಿ ಅಮ್ಮನನ್ನು ತಡೆದಳು. ಮೊದಲ ಸಲ.

“ನನಗೆ ಮಾ... ಮಾತು ಉಗ್... ಉಗ್ಗುತ್ತೆ. ಚಿಕ್ಕೋಳಿದ್ದಾಗಿಂದ. ವ್ರತ ಅನ್ನೋದೆಲ್ಲ ಸು... ಸು... ಸುಳ್ಳು.”

ಎದುರಿಗೆ ಕುಳಿತಿದ್ದ ಅಪ್ಪ ಹನುಮಯ್ಯ ತಲೆ ತಗ್ಗಿಸಿದರು. ಬಾಳೇಶನ ಮುಖ ಬಿಳಿಚಿಕೊಂಡಿತು. ಅವನು ಎದ್ದ. ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋಗಿಬಿಟ್ಟ!

“ಬಾಳೇಶಾ!” ಹಾಲವ್ವ ಕೂಗಿದರು. ಮಗ ತಿರುಗಲಿಲ್ಲ. ಅವರು ಚೈತನ್ಯಾಳ ತಲೆಯ ಮೇಲೆ ಕೈಯಿಟ್ಟು, ಮಗನ ಹಿಂದೆ ಹೊರಟರು.

“ಮನೆ ಮರ್ಯಾದೆ ತೆಗೆದೆಯಲ್ಲೇ!” ರಾಮಕ್ಕ ಅತ್ತರು.

ಚೈತನ್ಯಾಳೂ ಅತ್ತಳು. ‘ಉಗ್ಗು ಅಂದ ತಕ್ಷಣ ಓಡಿಹೋದರಲ್ಲ... ಇಷ್ಟೇನಾ?’

ಆದರೂ ಮರುದಿನ ಅವಳು ಮಾಡಿದ ಕೆಲಸ ಅವಳಿಗೇ ಅಚ್ಚರಿ ತಂದಿತು. ಅತ್ತಿಗುಪ್ಪೆಯಲ್ಲಿ ಸಂಗೀತ ಶಾಲೆ ನಡೆಸುವ ನೀಲಾಂಬಿಕಾ ಮೇಡಂ, ಮಕ್ಕಳಿಗೆ ಹಾಡು ಕಲಿಸಲು ಬಾ ಎಂದು ಎಷ್ಟೋ ಸಲ ಕರೆದಿದ್ದರು. ಪ್ರತಿ ಸಲವೂ ಬೇಡ ಎಂದದ್ದು ಅಮ್ಮ. ಈಗ ಅವಳೇ ಫೋನ್ ಮಾಡಿದಳು.

“ಮೇ... ಮೇಡಂ, ನಾನು ಬ... ಬ... ಬರ್ತೀನಿ.”

ಮೊದಲ ದಿನ ಹಿಂದಿನ ಸಾಲಿನಿಂದ ಒಂದು ಮಗು ಅವಳ ಹಾಗೆಯೇ ಮಾತಾಡಿ ತೋರಿಸಿತು. ಎಲ್ಲರೂ ನಕ್ಕರು. ಅವಳು ಹೊರಗೆ ಓಡಲಿಲ್ಲ. ನಗು ನಿಲ್ಲುವವರೆಗೆ ಕಾದು, ಹೇಳುತ್ತಿದ್ದ ಮಾತನ್ನು ಪೂರ್ತಿ ಹೇಳಿ ಮುಗಿಸಿದಳು. ಬರಬರುತ್ತಾ ಮಕ್ಕಳಿಗೆ ಅದು ಅಭ್ಯಾಸವಾಯಿತು.

ಒಂದು ಸಂಜೆ ಪಾಠ ಮುಗಿಸಿ ಹೊರಬಂದರೆ ಗೇಟಿನ ಬಳಿ ಬಾಳೇಶ ನಿಂತಿದ್ದ. ಗಡ್ಡ ಬೆಳೆದಿತ್ತು. ಕಣ್ಣು ನೆಲದ ಮೇಲಿತ್ತು.

“ನಿಮ್ಮ ಮಾತು ಕೇಳಿ ಎದ್ದು ಹೋಗ್ಲಿಲ್ರಿ... ನಾ ಮಾಡಿದ ಚೇಷ್ಟೆ ನೆನಪಾತು. ಆ ಸಭಿಕರೇ ಅಂತ... ಅದನ್ನ ನಿಮ್ಮ ಕಿವಿಗೇ ಕಳಿಸಿದ್ನಲ್ರಿ! ಹೇಸಿಗಿ ಆತು ನನ್ನ ಮ್ಯಾಲ. ಯಾವ ಮುಖ ಇಟ್ಕೊಂಡು ಅಲ್ಲಿ ಕೂಡ್ಲಿ?”

ಚೈತನ್ಯಾ ದಿಗ್ಭ್ರಮೆಯಿಂದ ನೋಡಿದಳು. ಇಷ್ಟು ದಿನ ಆ ನಾಚಿಕೆಯೆಲ್ಲ ತನ್ನೊಬ್ಬಳದೇ ಎಂದುಕೊಂಡಿದ್ದಳಲ್ಲ!

“ನೀವು ಎ... ಎದ್ದು ಹೋಗಿದ್ದು...”

“ತಪ್ಪು ಅಂತ—”

ಅವಳು ಬೆರಳೆತ್ತಿದಳು. ಅವನು ನಾಲಿಗೆ ಕಚ್ಚಿಕೊಂಡು ಸುಮ್ಮನಾದ.

“...ಅದೇ ಜಾಸ್ತಿ ನೋ... ನೋವಾಯ್ತು. ನ... ನಕ್ಕಿದ್ದಕ್ಕಿಂತ.”

ಬಾಳೇಶನ ಕಣ್ಣಿಂದ ನೀರು ಜಾರಿತು. ಒರೆಸಿಕೊಳ್ಳಲಿಲ್ಲ.

“ನಾನೂ ಮು... ಮುಚ್ಚಿಟ್ಟೆ. ತ... ತಪ್ಪು ನಂದೂ ಇದೆ.” ಅವಳು ಉಸಿರೆಳೆದುಕೊಂಡಳು. “ಆದ್ರೆ... ನ... ನನಗೆ ನೀವು ಇ... ಇ... ಇ...”

ಆಟೋವೊಂದು ಹಾರ್ನ್ ಹೊಡೆಯುತ್ತಾ ಹೋಯಿತು. ರಸ್ತೆ ಬದಿಯಲ್ಲಿ ಹೂ ಮಾರುತ್ತಿದ್ದವರು ತಿರುಗಿ ನೋಡಿದರು. ಅವಳ ಕಿವಿ ಕೆಂಪಾಯಿತು. ಬಾಳೇಶ ಮಾತ್ರ ಅಲುಗದೆ, ತುಟಿ ಬಿಚ್ಚದೆ ನಿಂತಿದ್ದ.

“...ಇಷ್ಟ.”

ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಆಮೇಲೆ ಕೈ ತೆಗೆದು ಕೇಳಿದ, “ಅವ್ವನ್ನ ಮತ್ತ ನಿಮ್ಮ ಮನಿಗೆ ಕರ್ಕೊಂಡು ಬರ್ಲೇನ್ರಿ?”

“ಬೇ... ಬೇಡ.”

ಅವನ ಮುಖ ಬಾಡಿತು.

“ಈ ಸಲ ನಾ... ನಾನೇ ಬರ್ತೀನಿ. ಕೆಂಗೇರಿಗೆ. ಅವ್ವನ ಹತ್ರ ಮಾ... ಮಾತಾಡ್ಬೇಕು.”

ಬಾಳೇಶ ಅಳುತ್ತಲೇ ನಕ್ಕ. “ಭಾಳ ಹೊತ್ತು ಕೂಡಬೇಕಾಗ್ತದ ನೋಡ್ರಿ. ನಮ್ಮವ್ವ ಮಾತಿಗೆ ಕುಂತ್ರ ಬಿಡೂದಿಲ್ಲ.”

ಚೈತನ್ಯಾ ಅವನ ಬೆರಳುಗಳನ್ನು ಮೆಲ್ಲನೆ ಹಿಡಿದುಕೊಂಡಳು.

“ನಾ... ನಾನೂ ಬಿಡಲ್ಲ.”