ಹಳದಿ ಅಂದರೆ ಬರವಲ್ಲ

ಮಹಂತೇಶ್ ನನ್ನನ್ನು ಮೊದಲ ಸಲ ನೋಡಲು ಬಂದದ್ದು ಜಗಳವಾಡುವುದಕ್ಕೆ. ಹೌಜ್ ಖಾಸ್‌ನ ನಮ್ಮ ಲ್ಯಾಬ್‌ನಲ್ಲಿ ವಾರ ವಾರ ಬರದ ನಕ್ಷೆ ತಯಾರಾಗುತ್ತದೆ. ಜಿಲ್ಲೆಗಳಿಗೆ ಬಣ್ಣ ಹಚ್ಚುವವಳು ನಾನು. ಅವನು ಚಾಣಕ್ಯಪುರಿಯ ಕರ್ನಾಟಕ ಭವನದಲ್ಲಿ ಕೂತು, ಕರ್ನಾಟಕದಿಂದ ಬರುವ ಅಧಿಕಾರಿಗಳಿಗೆ ಟಿಪ್ಪಣಿ ಬರೆದುಕೊಡುವವನು.

"ಮೇಡಂ, ನಿಮ್ಮ ನಕ್ಷೆಯೊಳಗ ನಮ್ಮ ಕೊಪ್ಪಳ ಹಳದಿ ಐತಿ. ಬರ ಬಂತು ಅಂತ ಬರದೆ. ಸಾಹೇಬರು ಎಲ್ಲರ ಮುಂದ ಬೈದ್ರು."

"ಹಳದಿ ಅಂದ್ರೆ ಬರ ಅಲ್ಲ. ಕೆಳಗೆ ಬರೆದಿದ್ದೀವಲ್ಲ, ಓದಲಿಲ್ವಾ?"

"ಇರುವಿ ಸಾಲಿನಂಗ ಬರದ್ರ ಯಾರು ಓದ್ತಾರ್ರೀ?"

ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಕುರ್ಚಿ ಎಳೆದುಕೊಟ್ಟು ವಿವರಿಸಿದೆ. ಹಳದಿಯೆಂದರೆ ನೆಲ ಒಣಗುತ್ತಿದೆ, ಎಚ್ಚರ ಎಂದರ್ಥ. ಬರ ಮುಗಿದು ನೆಲ ಚೇತರಿಸಿಕೊಳ್ಳುವಾಗಲೂ ಹಳದಿಯೇ. ಅದು ಯಾವುದೆಂದು ತಿಳಿಯಲು ಹಿಂದಿನ ವಾರಗಳ ನಕ್ಷೆಯನ್ನೂ ನೋಡಬೇಕು. ತಿಳಿಗಂದು ಸಾಧಾರಣ ಬರ, ಕಿತ್ತಳೆ ತೀವ್ರ, ಕೆಂಪು ಅತಿ ತೀವ್ರ, ಕಡುಗೆಂಪು ಅಪರೂಪಕ್ಕೊಮ್ಮೆ ಬರುವಂಥದ್ದು. ಇಷ್ಟಾದರೂ ನಾವು ಬರ ಘೋಷಿಸುವವರಲ್ಲ. ಅದು ರಾಜ್ಯ ಸರ್ಕಾರದ ಕೆಲಸ. ಮಳೆ, ಬಿತ್ತನೆ, ಮಣ್ಣಿನ ತೇವ ಎಲ್ಲ ಲೆಕ್ಕ ಹಾಕಿ, ಹಳ್ಳಿಗೆ ಹೋಗಿ ಕಣ್ಣಾರೆ ಕಂಡಮೇಲೆ ಘೋಷಣೆ.

"ಇನ್ನ ಮ್ಯಾಲೆ ಕಣ್ಣಾರೆ ಕಾಣೂತನಕ ನಾ ಏನೂ ಬರಿಯಂಗಿಲ್ಲ ಬಿಡ್ರಿ" ಎಂದು ಎದ್ದು ಹೋದ.

ಆಮೇಲೆ ಪ್ರತಿ ಗುರುವಾರ ಬಂದ. ನಕ್ಷೆ ಫೋನಿನಲ್ಲೇ ಸಿಗುತ್ತದೆ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಗೇಟಿನ ಹೊರಗೆ ಚಹಾ ಗಾಡಿಯ ಭಯ್ಯಾನ ಹತ್ತಿರ ಚಹಾ ಕುಡಿಯುತ್ತಾ ಬೀದರ್ ಯಾಕೆ ಕಿತ್ತಳೆ ಎಂದು ಕೇಳುತ್ತಿದ್ದ, ಉತ್ತರ ಕೇಳಿಸಿಕೊಳ್ಳದೆ ನನ್ನ ಕಿವಿಯೋಲೆ ನೋಡುತ್ತಿದ್ದ. ನಾನು ತಿರುಗಿದರೆ ಅವನ ಕಣ್ಣು ಚಹಾ ಲೋಟದಲ್ಲಿ. ಬುಧವಾರವೇ ಮರುದಿನದ ಓಲೆ ಆರಿಸಿಡುವ ಮಟ್ಟಕ್ಕೆ ನಾನೂ ಬಂದಿದ್ದೆ. ಅವನೆಂದರೆ ನನಗೆ ಇಷ್ಟ, ಅದರಲ್ಲಿ ಮುಚ್ಚಿಡುವುದೇನಿದೆ?

ಅಷ್ಟರಲ್ಲಿ ಅಪ್ಪ ಗಂಡು ಗೊತ್ತುಮಾಡಿದರು. ಭಾನುವಾರ ಹುಡುಗನ ಕಡೆಯವರು ಸರೋಜಿನಿ ನಗರದ ನಮ್ಮ ಕ್ವಾರ್ಟರ್ಸಿಗೆ ಬರುವವರಿದ್ದರು. ಗುರುವಾರ ಮಹಂತೇಶನಿಗೆ ಇದನ್ನೆಲ್ಲ ಹೇಳಿದೆ.

"ಅಚ್ಛಾ. ಒಳ್ಳೇದಾತು" ಅಂದ.

ನನ್ನ ಪಿತ್ತ ನೆತ್ತಿಗೇರಿತು. "ಒಳ್ಳೇದಾ? ನಿಮಗೇನೂ ಅನ್ನಿಸಲ್ವಾ?"

"ಅನಸ್ತೈತ್ರಿ. ಭಾಳ ಅನಸ್ತೈತಿ. ಆದ್ರ ಅವಸರ ಮಾಡಿ ಒಮ್ಮೆ ಬೈಸ್ಕೊಂಡೀನಲ್ಲ. ನಿಮ್ಮ ಮನಸಿನಾಗೂ ಐತಂತ ಖಾತ್ರಿ ಆಗ್ಲಿ ಅಂತ..."

"ಖಾತ್ರಿ ಆಗೋ ಹೊತ್ತಿಗೆ ನನ್ನ ಮದುವೆ ಆಗಿರುತ್ತೆ! ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕ್ತೀರಾ? ಹಳದಿ ಬರ ಅಲ್ಲ ಅಂದೆ, ಸುಮ್ಮನೆ ಕೂತ್ಕೊಳ್ಳಿ ಅನ್ನಲಿಲ್ಲ. ಇನ್ನೂ ಏನಾದ್ರೂ ಮಾಡೋಕಾಗುತ್ತೆ ಅಂತಾನೇ ನಾವು ಆವಾಗ ಎಚ್ಚರಿಸೋದು."

ನಾನು ಚಹಾ ಅರ್ಧಕ್ಕೇ ಬಿಟ್ಟು ಬಂದೆ. ಆ ರಾತ್ರಿ ದಿಂಬಿಗೆ ಮುಖ ಒತ್ತಿ ಅತ್ತೆ.

ಭಾನುವಾರ ಅಮ್ಮ ಕೇಸರಿಬಾತ್ ಕಲಕುತ್ತಿರುವಾಗಲೇ ಬೆಲ್ ಆಯಿತು. ಬೇಗ ಬಂದರಲ್ಲ ಎಂದು ಅಪ್ಪ ಅಂಗಿ ಸರಿಮಾಡಿಕೊಳ್ಳುತ್ತಾ ಬಾಗಿಲು ತೆಗೆದರು. ಹೊರಗೆ ಮಹಂತೇಶ್, ಇಸ್ತ್ರಿ ಅಂಗಿ, ಕೈಯಲ್ಲಿ ಸೇಬಿನ ಚೀಲ.

"ಬನ್ನಿ ಬನ್ನಿ. ಹುಡುಗನ ಕಡೆಯವರಾ?"

"ಅಲ್ರೀ ಸರ್. ನಾನೂ ಒಬ್ಬ ಹುಡುಗ. ನನ್ನ ಕಡೆಯಿಂದ ನಾ ಒಬ್ಬನೇ ಬಂದೀನಿ." ಸೇಬಿನ ಚೀಲ ಅಪ್ಪನ ಕೈಗಿತ್ತ. "ನಿಮ್ಮ ಮಗಳನ್ನ ಮದುವಿ ಆಗಬೇಕಂತ ಆಸೆ ಐತ್ರಿ. ಅವರಿಗೆ ಒಪ್ಪಿಗಿ ಇದ್ರ."

ಅಪ್ಪ ತಿರುಗಿ ನನ್ನನ್ನು ನೋಡಿದರು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

"ಅಪ್ಪ," ಅಂದೆ, "ಅವರಿಗೆ ಬರೋದು ಬೇಡ ಅಂತ ಫೋನ್ ಮಾಡಿಬಿಡಿ. ಇನ್ನೂ ಮನೆ ಬಿಟ್ಟಿರಲ್ಲ."